ಘಾಟಿ ಹತ್ತುವ ಮೊದಲು ಮಾಡಿದ ಲೆಕ್ಕ

ಬೆಂಗಳೂರಿನಲ್ಲಿರುವ ನನ್ನ ಮಾವ ಕಳೆದ ರಜೆಯಲ್ಲಿ ಎಲೆಕ್ಟ್ರಿಕ್ ಕಾರಿನಲ್ಲಿ ಊರಿಗೆ ಬಂದಿದ್ದರು. ಅಜ್ಜನ ಕಣ್ಣಿನ ಆಪರೇಷನ್ ಬಗ್ಗೆ ಮಾರನೇ ದಿನ ಮಧ್ಯಾಹ್ನ 3 ಗಂಟೆಗೆ ಬೆಂಗಳೂರಿನ ಡಾಕ್ಟರನ್ನು ಕಾಣಬೇಕಿತ್ತು. ನಾನೂ ಜೊತೆಗೆ ಹೋದೆ. ಪೆಟ್ರೋಲ್ ಇಲ್ಲದ ಕಾರಿನಲ್ಲಿ 300 ಕಿಲೋಮೀಟರ್ ಹೋಗಬೇಕಾದರೆ ಎಲ್ಲೆಲ್ಲಿ ನಿಂತು ಚಾರ್ಜ್ ಮಾಡಬೇಕು ಅಂತ ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ನಾನು ಮೊದಲು ತಪ್ಪು ಮಾಡಿದೆ. ಅದನ್ನೂ ಬರೆಯುತ್ತೇನೆ.

ಮನೆಯ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಅಂತ ಇರುತ್ತದಲ್ಲ, ಕಾರಿಗೂ ಅದೇ ಯೂನಿಟ್. ಮಾವನ ಕಾರಿನ ಬ್ಯಾಟರಿ 40 ಯೂನಿಟ್ ಹಿಡಿಯುತ್ತದೆ. ಒಂದು ಯೂನಿಟಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಜೋರಾಗಿ ಬಿಟ್ಟರೆ ಗಾಳಿಯ ತಡೆ ಹೆಚ್ಚಾಗಿ ಇಷ್ಟು ಸಿಗುವುದಿಲ್ಲ. ಕಂಪನಿಯವರು ಹೇಳಿದ ಮೈಲೇಜ್ ನಂಬಿ ಹೊರಡಬಾರದು, ನಾವು ಓಡಿಸಿ ನೋಡಿದ್ದೇ ಲೆಕ್ಕ ಅಂತ ಮಾವ ಹೇಳುತ್ತಾರೆ.

ರಾತ್ರಿ 8 ಗಂಟೆಗೆ ಮಾವ ಬಂದಾಗ ಬ್ಯಾಟರಿಯಲ್ಲಿ 20 ಪರ್ಸೆಂಟ್, ಅಂದರೆ 8 ಯೂನಿಟ್ ಇತ್ತು. ಜಗಲಿಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿದೆವು. ಅದರಲ್ಲಿ ಗಂಟೆಗೆ 3 ಯೂನಿಟ್ ಮಾತ್ರ ಏರುತ್ತದೆ. ಬೆಳಗ್ಗಿನ ತನಕ ಇಟ್ಟರೆ 80 ದಾಟುತ್ತಿತ್ತು. ಆದರೆ ಹನ್ನೆರಡೂವರೆಗೆ ಸಿಡಿಲು ಬಂದು ಕರೆಂಟ್ ಹೋಯಿತು. ನಾಲ್ಕೂವರೆಗೆ ಹೊರಡುವಾಗ ಇದ್ದದ್ದು 55 ಪರ್ಸೆಂಟ್, 22 ಯೂನಿಟ್.

ನಾನು ಕೂಡಲೇ ಲೆಕ್ಕ ಹಾಕಿದೆ. ಉಪ್ಪಿನಂಗಡಿ ಕಡೆಯಿಂದ ಸಕಲೇಶಪುರಕ್ಕೆ ಸುಮಾರು 80 ಕಿಲೋಮೀಟರ್, 13 ಯೂನಿಟ್. ಅಲ್ಲಿಂದ ಹಾಸನಕ್ಕೆ 40, ಅದಕ್ಕೆ 7 ಯೂನಿಟ್. ಒಟ್ಟು 20. ಎರಡು ಯೂನಿಟ್ ಉಳಿಯುತ್ತದೆ, ಸೀದಾ ಹಾಸನಕ್ಕೇ ಹೋಗುವ ಅಂದೆ. ಮಾವ ನಕ್ಕು, “ಘಾಟಿ ಎಂತ ನಿನ್ನ ಅಜ್ಜ ಹೊತ್ತುಕೊಂಡು ಹತ್ತುತ್ತಾರಾ?” ಅಂದರು.

ಶಿರಾಡಿ ಘಾಟಿಯನ್ನು ನಾನು ಬಿಟ್ಟೇ ಬಿಟ್ಟಿದ್ದೆ! ನಮ್ಮ ಊರಿಗಿಂತ ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾರು, ನಾವು ಮೂವರು, ಸಾಮಾನು ಎಲ್ಲ ಸೇರಿ 1600 ಕಿಲೋ. ಒಂಬತ್ತನೇ ತರಗತಿಯ ಪಾಠದಲ್ಲಿ ಇರುವ ಹಾಗೆ ತೂಕ, 9.8 ಮತ್ತು ಎತ್ತರ ಗುಣಿಸಿದರೆ 1 ಕೋಟಿ 41 ಲಕ್ಷ ಜೌಲ್ ಬರುತ್ತದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. ಭಾಗಿಸಿದರೆ ಸುಮಾರು 4 ಯೂನಿಟ್. ಮೋಟಾರಿನಲ್ಲಿ ಬಿಸಿಯಾಗಿ ನಷ್ಟವಾಗುವುದೂ ಸೇರಿ 5 ಅಂತ ಇಡಿ. ಈಗ ನೋಡಿ, 22ರಲ್ಲಿ 13 ಮತ್ತು 5 ಕಳೆದರೆ ಸಕಲೇಶಪುರದಲ್ಲಿ ಉಳಿಯುವುದು ಬರೀ 4 ಯೂನಿಟ್. ಹಾಸನಕ್ಕೆ 7 ಬೇಕು. ನನ್ನ ಲೆಕ್ಕದ ಹಾಗೆ ಹೋಗಿದ್ದರೆ ಅಜ್ಜ ದಾರಿಯಲ್ಲೇ ಬಾಕಿ.

ಸಕಲೇಶಪುರದ ಹತ್ತಿರ ಒಂದು ಹೋಟೆಲಿನಲ್ಲಿ ಚಾರ್ಜ್ ಮಾಡುವುದೆಂದು ಮಾವ ಯೋಚಿಸಿದ್ದರು. ಮೊಬೈಲಿನಲ್ಲಿ ಆ ಮೆಷಿನ್ ಸರಿ ಇದೆ ಅಂತಲೇ ತೋರಿಸುತ್ತಿತ್ತು. ಆದರೂ ಅವರು ಫೋನ್ ಮಾಡಿ ಕೇಳಿದರು. “ನಿನ್ನೆಯಿಂದ ಹಾಳಾಗಿದೆ ಸಾರ್” ಅಂತ ವಾಚ್‌ಮನ್ ಹೇಳಿದ. ಘಾಟಿ ಹತ್ತಿದ ಮೇಲೆ ಇದು ಗೊತ್ತಾಗಿದ್ದರೆ? ಅದಕ್ಕೇ ಮಾವನ ನಿಯಮ ಇದು: ಎಲ್ಲಿಗೆ ಮುಟ್ಟುವಾಗಲೂ 20 ಪರ್ಸೆಂಟ್ ಉಳಿಯುವ ಹಾಗೆ ಹೊರಡಬೇಕು, ಆ 20ರಲ್ಲಿ ಮುಟ್ಟಬಹುದಾದ ಇನ್ನೊಂದು ಜಾಗ ಗೊತ್ತಿರಬೇಕು. ಗನ್ ನಮ್ಮ ಕಾರಿಗೆ ಹಿಡಿಯುತ್ತದೋ ಇಲ್ಲವೋ ಅಂತಲೂ ನೋಡಬೇಕು.

ಘಾಟಿಯ ಈಚೆಗೇ ಇನ್ನೊಂದು ಹೋಟೆಲಿನಲ್ಲಿ ನಿಂತೆವು. ಮನೆಯಿಂದ 25 ಕಿಲೋಮೀಟರ್ ಆಗಿತ್ತು. ಅಲ್ಲಿಯದು 30 ಕಿಲೋವ್ಯಾಟಿನ ಮೆಷಿನ್, ಅಂದರೆ ಗಂಟೆಗೆ 30 ಯೂನಿಟ್. ಅರ್ಧ ಗಂಟೆಯಲ್ಲಿ 45ರಿಂದ 80ಕ್ಕೆ ಬಂತು. ಮಾವ ಅಲ್ಲಿಗೇ ತೆಗೆದರು. ಅಜ್ಜನಿಗೆ ಸಿಟ್ಟು. “ತುಂಬಿಸಿಯೇ ಹೋಗುವ ಮಾರಾಯ, ಮತ್ತೆ ಮತ್ತೆ ನಿಲ್ಲುವುದು ಎಂತಕ್ಕೆ?”

80ರ ಮೇಲೆ ಬ್ಯಾಟರಿ ನಿಧಾನವಾಗಿ ತುಂಬುತ್ತದೆ. ಬಸ್ಸಿಗೆ ಮೊದಲು ಹತ್ತಿದವರು ಬೇಗ ಕೂರುತ್ತಾರೆ, ಕಡೆಗೆ ಹತ್ತಿದವರು ಸೀಟು ಹುಡುಕಬೇಕು. ಲಿಥಿಯಂ ಕಣಗಳದ್ದೂ ಹಾಗೆಯೇ. ಅವಸರ ಮಾಡಿ ನೂಕಿದರೆ ಅವು ಒಳಗೆ ಸೇರದೆ ಮೇಲೆಯೇ ಅಂಟಿ ಬ್ಯಾಟರಿ ಹಾಳಾಗುತ್ತದೆ. ಅದಕ್ಕೆ ಮೆಷಿನ್ ತಾನೇ ವೇಗ ಇಳಿಸುತ್ತದೆ. ಒಂದು ಕಡೆ ನಿಂತು 100 ಮಾಡುವುದಕ್ಕಿಂತ ಎರಡು ಕಡೆ ಸ್ವಲ್ಪ ಸ್ವಲ್ಪ ಹಾಕಿದರೆ ಹೊತ್ತು ಉಳಿಯುತ್ತದೆ.

ಅಜ್ಜನ ಸಿಟ್ಟು ಇಳಿಸಲು ಮಾವ ಒಂದು ಕಥೆ ಹೇಳಿದರು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು ಗಂಡ ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದರಂತೆ. ಆಗ ಪೆಟ್ರೋಲ್ ಬಂಕೇ ಇರಲಿಲ್ಲ. ದಾರಿಯಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡರು. ಅಜ್ಜ ಏನೂ ಹೇಳಲಿಲ್ಲ, ಇನ್ನೊಂದು ಚಾ ಕುಡಿದರು.

ಹಾಸನಕ್ಕೆ ಮುಟ್ಟುವಾಗ 27 ಪರ್ಸೆಂಟ್ ಇತ್ತು. ಅಲ್ಲಿ ತಿಂಡಿ ತಿಂದು ಮುಕ್ಕಾಲು ಗಂಟೆ, ಕುಣಿಗಲ್ ಹತ್ತಿರ 20 ನಿಮಿಷ ನಿಂತೆವು. ಎರಡು ಗಂಟೆಗೆ ಮೊದಲೇ ಆಸ್ಪತ್ರೆಯಲ್ಲಿದ್ದೆವು.

ವಾಪಸು ಬರುವಾಗ ಒಂದು ತಮಾಷೆ. ಘಾಟಿ ಇಳಿಯುವಾಗ ಬ್ಯಾಟರಿಯ ಅಂಕಿ ಒಂದು ಹೆಚ್ಚಾಯಿತು! ಇಳಿಜಾರಿನಲ್ಲಿ ಚಕ್ರವೇ ಮೋಟಾರನ್ನು ತಿರುಗಿಸಿ ಕರೆಂಟ್ ಮಾಡುತ್ತದೆ. ಹತ್ತುವಾಗ ಕೊಟ್ಟದ್ದು ಪೂರ್ತಿ ಬರುವುದಿಲ್ಲ. ಮೇಲೆಯೇ 100 ಮಾಡಿಕೊಂಡು ಬಂದರೆ ಇಷ್ಟೂ ಸಿಗುವುದಿಲ್ಲ, ತುಂಬಿದ ಕೊಡಕ್ಕೆ ಎಲ್ಲಿಂದ ನೀರು ಹಿಡಿಸುತ್ತದೆ?

ಮಾವ ದೀಪಾವಳಿಗೆ ಮತ್ತೆ ಬರುತ್ತಾರೆ. ಕಾರು ನೋಡಬೇಕಾದವರು ಮನೆಗೆ ಬನ್ನಿ. ಪ್ಲಗ್ ಮಾತ್ರ ಯಾರೂ ಮುಟ್ಟಬಾರದು ಅಂತ ಅಜ್ಜ ಹೇಳಿದ್ದಾರೆ.

— 9ನೇ ತರಗತಿ