ಆಸ್ಟ್ರೇಲಿಯಾದ ಕುರಿ ಫಾರ್ಮ್‌ನಲ್ಲಿ ಮೂರು ತಿಂಗಳು: ಗುದ್ದಿದ ಟಗರು, ಊದಿದ ಬೆರಳು, ಕಲಿತ ಪಾಠ

‘ಊಟ, ವಸತಿ ನಮ್ದು. ಬಂದು ಪ್ರಾಣಿ ನೋಡ್ಕೊಳ್ಳಿ’ ಅನ್ನೋ ವಿದೇಶಿ ಫಾರ್ಮ್‌ಗಳ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ. ಹಸಿರು ಹುಲ್ಲು, ಬಿಳಿ ಮರಿ, ನಗುವ ಹುಡುಗರು. ಶಿರಾ ಕಡೆಯ ಕುರಿ ಸಾಕೋ ಮನೆಯವನಾದ ನಾನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮೂರು ತಿಂಗಳು ಹೀಗೇ ಕೆಲಸ ಮಾಡಿ ಬಂದೆ. ವಿಡಿಯೋದಲ್ಲಿ ತೋರಿಸದ ಸಂಗತಿಗಳನ್ನು ಇಲ್ಲಿ ಬರೀತಿದ್ದೀನಿ. ಹೋಗೋರಿಗೂ ಬೇಕು, ಹೋಗದೆ ಊರಲ್ಲೇ ಕುರಿ ಸಾಕೋರಿಗೆ ಇನ್ನೂ ಹೆಚ್ಚು ಬೇಕು.

ಮೊದಲು ವೀಸಾ

ಇಂಥ ಸ್ವಯಂಸೇವೆಗೆ ಜಗತ್ತಿನಾದ್ಯಂತ ‘ವೂಫ್’ ಅನ್ನೋ ಜಾಲ ಇದೆ. 1971ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದದ್ದು. ದಿನಕ್ಕೆ ಸುಮಾರು 4ರಿಂದ 6 ಗಂಟೆ ಕೆಲಸ, ಬದಲಿಗೆ ಊಟ ಮತ್ತು ಹಾಸಿಗೆ. ಆದರೆ ಸಂಬಳ ಇಲ್ಲ ಅಂದಮಾತ್ರಕ್ಕೆ ‘ಕೆಲಸ ಅಲ್ಲ’ ಅಂತ ಎಲ್ಲ ದೇಶಗಳೂ ಒಪ್ಪಲ್ಲ. ನ್ಯೂಜಿಲೆಂಡ್‌ನಲ್ಲಿ ಊಟ-ವಸತಿಗಾಗಿ ದುಡಿದರೂ ಅದು ಕೆಲಸವೇ.

ಆಸ್ಟ್ರೇಲಿಯಾ 2024ರಿಂದ ‘ವರ್ಕ್ ಅಂಡ್ ಹಾಲಿಡೇ’ ವೀಸಾವನ್ನು ಭಾರತೀಯರಿಗೂ ತೆರೆದಿದೆ. ವರ್ಷಕ್ಕೆ 1,000 ಮಂದಿಗೆ ಅವಕಾಶ, ವಯಸ್ಸು 18ರಿಂದ 30, ಆಯ್ಕೆ ಲಾಟರಿ ಮೂಲಕ. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು ಮತ್ತು ಇಂಗ್ಲಿಷ್ ಬೇಕು. ಅರ್ಜಿ ಆ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲೇ ಹಾಕಿ. ‘ಲಾಟರಿಲಿ ಹೆಸರು ಬರಿಸ್ತೀನಿ’ ಅನ್ನೋ ಏಜೆಂಟನಿಗೆ ಒಂದು ರೂಪಾಯಿನೂ ಕೊಡಬೇಡಿ.

ಬೂಟು ಬಿಚ್ಚಿಸಿದರು

ವಿಮಾನ ಇಳಿಯೋ ಮುಂಚೆ ತುಂಬೋ ಕಾರ್ಡ್‌ನಲ್ಲಿ, ಕಳೆದ 30 ದಿನದಲ್ಲಿ ಫಾರ್ಮ್‌ಗೆ ಹೋಗಿದ್ದೀರಾ ಅನ್ನೋ ಪ್ರಶ್ನೆ ಇತ್ತು. ಹೌದು ಅಂತ ಬರೆದೆ. ಅಧಿಕಾರಿ ನನ್ನ ಬೂಟಿನ ಅಡಿಯನ್ನು ದೀಪ ಹಿಡಿದು ನೋಡಿ, ತಗೊಂಡು ಹೋಗಿ ತೊಳೆಸಿ ಕೊಟ್ಟರು. ಕಾರಣ ನಮ್ಮ ಕಾಲುಬಾಯಿ ಜ್ವರ. ಅವರ ದೇಶದಲ್ಲಿ 1872ರ ನಂತರ ಆ ರೋಗ ಕಂಡಿಲ್ಲ. ಒಂದು ಹಿಡಿ ಮಣ್ಣಿಗೆ ಅವರು ಹೆದರೋದು ಸುಮ್ನೆ ಅಲ್ಲ. ನಮ್ಮಲ್ಲಿ ಸಂತೆಯಿಂದ ಬಂದವರು ಅದೇ ಚಪ್ಪಲೀಲಿ ರೊಪ್ಪಕ್ಕೆ ಹೋಗ್ತೀವಿ.

ಲಸಿಕೆಗೂ ಮೊದಲು ಬಂದ ಸುದ್ದಿ

ಕುರಿ ಈಯೋ ಕಾಲಕ್ಕೆ ಸರಿಯಾಗಿ ನಾನು ಹೋಗಿದ್ದೆ. ಹೆರಿಗೆ ಕೆಲಸಕ್ಕೆ ಕೈ ಹಾಕೋ ಮೊದಲು ‘ಕ್ಯೂ ಜ್ವರ’ದ ಲಸಿಕೆ ಹಾಕಿಸ್ಕೋ ಅಂದರು ಫಾರ್ಮ್ ಯಜಮಾನರು. ಕುರಿ, ಮೇಕೆ, ದನಗಳ ಮಾಸು, ಗರ್ಭದ ನೀರು, ಮೂತ್ರ, ಹಾಲಲ್ಲಿ ಇರೋ ಬ್ಯಾಕ್ಟೀರಿಯಾದಿಂದ ಬರೋ ರೋಗ ಇದು. ಒಣಗಿ ಧೂಳಾದ ಮೇಲೂ ಉಸಿರಿನ ಜೊತೆ ಒಳಗೆ ಹೋಗುತ್ತೆ.

ಲಸಿಕೆಗೆ ಮುಂಚೆ ರಕ್ತ ಮತ್ತು ಚರ್ಮದ ಪರೀಕ್ಷೆ ಕಡ್ಡಾಯ. ಏಳು ದಿನ ಬಿಟ್ಟು ಹೋದಾಗ ಡಾಕ್ಟರು ಹೇಳಿದ್ದು: ‘ನಿಮಗೆ ಲಸಿಕೆ ಕೊಡೋಕಾಗಲ್ಲ. ಈ ಸೋಂಕು ನಿಮಗೆ ಹಿಂದೆಯೇ ತಗುಲಿದೆ.’ ಹಾಗೆ ತಗುಲಿದವರಿಗೆ ಲಸಿಕೆ ಹಾಕಿದ್ರೆ ಮೈ ತೀವ್ರವಾಗಿ ಪ್ರತಿಕ್ರಿಯಿಸುತ್ತಂತೆ.

ವಿದೇಶಿ ರೋಗ ಅಂತ ನಾನು ಕೇಳಿಸಿಕೊಳ್ತಿದ್ದದ್ದು ನಮ್ಮ ರೊಪ್ಪದಲ್ಲೇ ನನ್ನ ಮೈ ಹೊಕ್ಕಿತ್ತು. ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ‘ದೊಡ್ಡಪ್ಪನಿಗೆ ಬಿಟ್ಟುಬಿಟ್ಟು ಜ್ವರ, ಮಂಡಿ ನೋವು ಅಂತೀರಲ್ಲ, ಡಾಕ್ಟ್ರಿಗೆ ಕುರಿ ಸಾಕ್ತೀವಿ ಅಂತ ಹೇಳಿದ್ದೀರಾ?’ ಅಂದೆ. ‘ಜ್ವರಕ್ಕೂ ಕುರಿಗೂ ಏನ್ ಸಂಬಂಧನೋ?’ ಅಂದರು ಅಪ್ಪ.

ಬೆರಳ ಮೇಲಿನ ಗುಳ್ಳೆ

ಸಂಬಂಧ ಎಷ್ಟಿದೆ ಅಂತ ತಿಂಗಳೊಳಗೆ ಮತ್ತೆ ಗೊತ್ತಾಯ್ತು. ಮರಿಗಳಿಗೆ ಓಲೆ ಹಾಕಿ, ಬಾಯಿ ಹುಣ್ಣಿನ ರೋಗಕ್ಕೆ ತೊಡೆಯ ಒಳಭಾಗದಲ್ಲಿ ಗೀರಿ ಲಸಿಕೆ ಹಚ್ಚೋ ದಿನ. ಅದು ಜೀವಂತ ವೈರಸ್ ಇರೋ ಲಸಿಕೆ. ಮರಿ ಒದ್ದ ರಭಸಕ್ಕೆ ಸೂಜಿ ಗ್ಲೌಸ್ ದಾಟಿ ನನ್ನ ಬೆರಳಿಗೆ ಚುಚ್ಚಿತು. ವಾರದಲ್ಲಿ ಕೆಂಪು ಗಂಟು, ಆಮೇಲೆ ಗುಳ್ಳೆ.

ಕ್ಲಿನಿಕ್‌ನಲ್ಲಿ ಕೀವಿನ ಗಂಟು ಅಂದುಕೊಂಡು ಕೊಯ್ಯೋಕೆ ಸಿದ್ಧರಾಗ್ತಿದ್ರು. ‘ಕುರಿಮರಿಗೆ ಲಸಿಕೆ ಹಾಕುವಾಗ ಚುಚ್ಚಿದ್ದು’ ಅಂದ ತಕ್ಷಣ ಡಾಕ್ಟರು ಕೈ ನಿಲ್ಲಿಸಿದರು. ಅದು ‘ಆರ್ಫ್’. ಸಾಮಾನ್ಯವಾಗಿ 3ರಿಂದ 6 ವಾರದಲ್ಲಿ ತಾನೇ ವಾಸಿಯಾಗುತ್ತೆ. ವೈರಸ್ ಆದ್ದರಿಂದ ಆಂಟಿಬಯೋಟಿಕ್ ಅದರ ಮೇಲೆ ಕೆಲಸ ಮಾಡಲ್ಲ, ಕೊಯ್ಯೋದೂ ಬೇಡ. ಬ್ಯಾಂಡೇಜ್ ಕಟ್ಟಿ ಕಳಿಸಿದರು. ಒಂದೇ ಒಂದು ಮಾತು ನನ್ನ ಬೆರಳನ್ನು ಕತ್ತಿಯಿಂದ ಉಳಿಸಿತು.

ಟಗರು ಮತ್ತು ಬಿಲ್ಲು

ಮೂರನೇದು ಟಗರಿನ ಪಾಲು. ಗೇಟಿನ ಚಿಲಕ ಮುರಿದು ಹಿಂದಿನಿಂದ ನುಗ್ಗಿ ಬಂದು ಮೊಣಕಾಲಿಗೆ ಗುದ್ದಿತು. ಮೂಳೆ ಮುರಿಯಲಿಲ್ಲ, ಹತ್ತು ದಿನ ಕುಂಟಿದೆ. ಆ ದೇಶದ ಸರ್ಕಾರಿ ಆರೋಗ್ಯ ವ್ಯವಸ್ಥೆ ನಮ್ಮಂಥ ಭಾರತೀಯ ಪ್ರವಾಸಿಗರ ಖರ್ಚು ಭರಿಸಲ್ಲ, ಆಂಬುಲೆನ್ಸ್‌ಗೂ ದುಡ್ಡು. ನಾನು ಹೋಗುವಾಗಲೇ ಫಾರ್ಮ್ ಕೆಲಸದ ಗಾಯ ಸೇರಿಸಿ ವಿಮೆ ಮಾಡಿಸಿದ್ದೆ, ಉಳ್ಕೊಂಡೆ. ಎಷ್ಟೋ ಪ್ರವಾಸಿ ವಿಮೆಗಳಲ್ಲಿ ದೈಹಿಕ ಕೆಲಸದಲ್ಲಿ ಆದ ಗಾಯವನ್ನು ಹೊರಗಿಟ್ಟಿರ್ತಾರೆ. ಸಣ್ಣ ಅಕ್ಷರ ಓದಿ, ಆಮೇಲೆ ಹಣ ಕಟ್ಟಿ.

ನಮ್ಮ ರೊಪ್ಪದಲ್ಲಿ ಈಗಲೇ ಮಾಡಬಹುದಾದ್ದು

- ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ. ಕ್ಯೂ ಜ್ವರ ಇರಬಹುದು, ಕಂದು ರೋಗವೂ ಇರಬಹುದು. ಎರಡೂ ಮನುಷ್ಯರಿಗೆ ಬರ್ತವೆ.
- ಮಾಸು, ಸತ್ತ ಮರಿಯನ್ನು ಬರಿಗೈಲಿ ಮುಟ್ಟಬೇಡಿ. ಆಳವಾಗಿ ಹೂಳಿ ಸುಣ್ಣ ಹಾಕಿ. ನಾಯಿಗೆ ಎಸೀಬೇಡಿ.
- ಈಯೋ ಹೊತ್ತಲ್ಲಿ, ರೊಪ್ಪ ಗುಡಿಸುವಾಗ ಮಾಸ್ಕ್ ಹಾಕಿ. ಬಸುರಿ ಹೆಂಗಸರನ್ನು ಈ ಕೆಲಸದಿಂದ ದೂರ ಇಡಿ.
- ಕುರಿ, ಮೇಕೆ, ಹಸು ಯಾವುದರ ಹಾಲಾದ್ರೂ ಕಾಯಿಸಿಯೇ ಕುಡೀರಿ.
- ಲಸಿಕೆ ಹಾಕಿದ ದಿನ, ಕಂದು ಹಾಕಿದ ದಿನವನ್ನು ಓಲೆಯ 12 ಅಂಕಿಯ ನಂಬರ್ ಸಮೇತ ಮೊಬೈಲ್‌ನಲ್ಲಿ ಬರೆದಿಡಿ. ಓಲೆ ಇಲ್ಲದಿದ್ರೆ ಕುರಿಯ ಗುರುತು ಬರೀರಿ.

ಕೊನೇದಾಗಿ, ಜ್ವರ, ಬೆವರು, ಕೀಲು ನೋವು, ವಾಸಿಯಾಗದ ಹುಣ್ಣು, ಯಾವುದಕ್ಕೆ ಡಾಕ್ಟರ ಹತ್ರ ಹೋದ್ರೂ ಮೊದಲ ಮಾತು ಇದಿರಲಿ: ‘ಸಾರ್, ನಾವು ಕುರಿ ಸಾಕೋರು.’ ಈ ಮಾತು ಸಿಡ್ನಿಗೂ ಅಷ್ಟೇ, ಶಿರಾಕ್ಕೂ ಅಷ್ಟೇ. ದೊಡ್ಡಪ್ಪನ್ನ ಕರ್ಕೊಂಡು ಮುಂದಿನ ವಾರ ಜಿಲ್ಲಾಸ್ಪತ್ರೆಗೆ ಹೊರಟಿದ್ದೀನಿ. ನಿಮ್ಮನೇಲೂ ಹೀಗೆ ಬಿಟ್ಟುಬಿಟ್ಟು ಜ್ವರ ಬರೋರಿದ್ರೆ ತಡ ಮಾಡಬೇಡಿ.