ಕರು ಉಳಿಸಲು ವಿಷ ಬೇಡ, ಬಾಗಿಲು ಬೇಕು



ಕೆಲವು ತಿಂಗಳ ಹಿಂದೆ ಬೆಳಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೇ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಅವರ ಹಸು ರಾತ್ರಿ ತೋಪಿನಲ್ಲಿ ಕರು ಹಾಕಿತ್ತು. ಬೆಳಗ್ಗೆ ಹೋಗಿ ನೋಡಿದರೆ ಅರ್ಧ ಕರು ಮಾತ್ರ ಉಳಿದಿತ್ತು. "ನರಿ ತಿಂದು ಹಾಕಿದೆ ಡಾಕ್ಟ್ರೇ. ಹೆಣ್ಣುಕರು. ಏನಾದ್ರೂ ಮದ್ದು ಕೊಡಿ, ಮಾಂಸಕ್ಕೆ ಸವರಿ ಇಡ್ತೀನಿ" ಎಂದು ಅತ್ತರು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಹೆಣ್ಣುಕರು ಹೋಯಿತೆಂದರೆ ಎರಡೂವರೆ ಮೂರು ವರ್ಷಗಳ ಮುಂದಿನ ಹಾಲು ಹೋದಂತೆ. ಆದರೂ ಸ್ಥಳಕ್ಕೆ ಹೋಗಿ ಕರುವನ್ನು ಪರೀಕ್ಷಿಸಿದೆ. ಗೊರಸಿನ ತುದಿಯಲ್ಲಿ ಹುಟ್ಟುವಾಗ ಇರುವ ಮೆತ್ತನೆಯ ಹಳದಿ ಟೊಪ್ಪಿಗೆ ಸವೆದಿರಲಿಲ್ಲ, ಅಂದರೆ ಕರು ಎದ್ದು ನಡೆದೇ ಇರಲಿಲ್ಲ. ಶ್ವಾಸಕೋಶದ ತುಂಡನ್ನು ಬಕೆಟ್ ನೀರಿಗೆ ಹಾಕಿದೆ. ಮುಳುಗಿತು. ಉಸಿರಾಡಿದ ಕರುವಿನದಾಗಿದ್ದರೆ ತೇಲುತ್ತಿತ್ತು. ಕಚ್ಚಿದ ಜಾಗದ ಚರ್ಮದಡಿ ರಕ್ತ ಹೆಪ್ಪುಗಟ್ಟಿರಲಿಲ್ಲ. ಕರು ಸತ್ತೇ ಹುಟ್ಟಿತ್ತು, ನರಿ ಆಮೇಲೆ ಬಂದಿತ್ತು.

ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು ಎಂದು ಕೇಳಿದ ಮೇಲೆ ಹಸುವಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಬ್ರುಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ ಇರುವುದು ಗೊತ್ತಾಯಿತು. ಆ ಅಕ್ಕ ನರಿಗೆ ವಿಷ ಇಟ್ಟು ಕೊಂದಿದ್ದರೂ ರೋಗ ಕೊಟ್ಟಿಗೆಯಲ್ಲೇ ಉಳಿಯುತ್ತಿತ್ತು. ಪಕ್ಕದ ಹಸುವಿಗೂ, ಬರಿಗೈಯಲ್ಲಿ ಸತ್ತೆ ಎತ್ತಿ ಹಾಕಿದ ಅವರಿಗೂ ಅಪಾಯವಿತ್ತು. ಈ ಸಂಚಿಕೆಗೆ ಇದನ್ನೇ ಬರೆಯಲು ಆ ದಿನವೇ ಕಾರಣ.

ಯಾರ ಕೆಲಸ ಎಂದು ಮೊದಲು ನೋಡಿ

ನರಿ ಸಾಮಾನ್ಯವಾಗಿ ಎದ್ದು ನಿಂತ ಹಸುವಿನ ತಂಟೆಗೆ ಹೋಗುವುದಿಲ್ಲ. ಇಲಿ, ಹೆಗ್ಗಣ, ಹಣ್ಣು, ಸತ್ತ ಪ್ರಾಣಿ ಅದರ ಆಹಾರ. ಕೋಳಿ, ಮೇಕೆಮರಿ, ಆಗಷ್ಟೇ ಹುಟ್ಟಿದ ಕರು ಕಾವಲಿಲ್ಲದೆ ಸಿಕ್ಕರೆ ಬಿಡುವುದೂ ಇಲ್ಲ. ಹೊಕ್ಕುಳು, ಹೊಟ್ಟೆ, ನಾಲಿಗೆಯಂಥ ಮೆತ್ತನೆಯ ಜಾಗಕ್ಕೆ ಮೊದಲು ಬಾಯಿ ಹಾಕುತ್ತದೆ.

ನಾಯಿಗಳ ಗುಂಪು ಓಡಿಸಿಕೊಂಡು ಕಚ್ಚುತ್ತದೆ. ಹಿಂಗಾಲು, ಬಾಲ, ಕಿವಿ, ಪಕ್ಕೆ ಎಲ್ಲೆಂದರಲ್ಲಿ ಹರಿದ ಗಾಯಗಳಿರುತ್ತವೆ, ತಿಂದದ್ದು ಮಾತ್ರ ಕಡಿಮೆ. ಚಿರತೆಯಾದರೆ ಕುತ್ತಿಗೆಯಲ್ಲಿ ಆಳವಾದ ಹಲ್ಲಿನ ತೂತುಗಳು, ಎಳೆದೊಯ್ದ ಗುರುತು, ಉಗುರು ಮೂಡದ ದುಂಡನೆಯ ಹೆಜ್ಜೆ ಕಾಣುತ್ತವೆ. ನಾಯಿ, ನರಿಯ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ.

ಕೊಂದರೆ ಯಾಕೆ ಮುಗಿಯುವುದಿಲ್ಲ?

ನಂದಿದುರ್ಗ, ಚಾಂಪಿಯನ್ ರೀಫ್ಸ್ ಕಡೆ 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಪಾಳುಜಾಗವನ್ನು, ಸೈನೈಡ್ ಗುಡ್ಡಗಳ ಸುತ್ತಲಿನ ಪೊದೆಗಳನ್ನು ನೀವೇ ನೋಡಿದ್ದೀರಿ. ಅಡಗಲು ಇಂಥ ಜಾಗ, ತಿನ್ನಲು ರಸ್ತೆ ಬದಿ ಸುರಿದ ಕೋಳಿ ತ್ಯಾಜ್ಯ, ಕೆರೆಯಂಗಳಕ್ಕೆ ಎಸೆದ ಸತ್ತ ದನ ಇರುವವರೆಗೆ ಒಂದು ನರಿ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ನಾಯಿಯ ಕಥೆಯೂ ಅದೇ.

ಅಮೆರಿಕದಲ್ಲಿ ನಮ್ಮ ನರಿಯ ದಾಯಾದಿಯಂಥ ಕೊಯೊಟಿ ಎಂಬ ಪ್ರಾಣಿಯಿದೆ. ಕುರಿ, ಕರು ಕಾಯಲೆಂದು ಅಲ್ಲಿನ ಸರ್ಕಾರವೇ ಗುಂಡು, ಬೋನು ಬಳಸಿ ವರ್ಷಕ್ಕೆ ಹತ್ತಾರು ಸಾವಿರ ಕೊಯೊಟಿಗಳನ್ನು ಕೊಲ್ಲಿಸುತ್ತ ಬಂದಿದೆ. ಆದರೂ ಅದು ಆ ಖಂಡದ ಬಹುಭಾಗಕ್ಕೆ ಹಬ್ಬಿದೆ. ಗುಂಪಿನ ಹಿರಿಯ ಜೋಡಿ ಸತ್ತರೆ ಎಳೆಯವು ಮರಿ ಹಾಕಲು ಶುರುಮಾಡುತ್ತವೆ, ಖಾಲಿ ಜಾಗಕ್ಕೆ ಹೊಸವು ಬರುತ್ತವೆ.

ಇನ್ನು ವಿಷದ ಮಾತು. ಮಾಂಸಕ್ಕೆ ಸವರಿದ ಕೀಟನಾಶಕ ನರಿಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ಮನೆ ನಾಯಿ, ಕಾಗೆ, ಹದ್ದು ಸಾಯುತ್ತವೆ. ಅದು ಮೇವಿಗೆ, ನೀರಿನ ತೊಟ್ಟಿಗೆ ತಾಗಿದರೆ ಹಸುವೂ ಸಾಯುತ್ತದೆ. ಕಾಡುಹಂದಿಗೆಂದು ಇಟ್ಟ ಸಿಡಿಮದ್ದನ್ನು ಹಸು ಅಗಿದರೆ ದವಡೆಯೇ ಛಿದ್ರವಾಗುತ್ತದೆ. ಅಂಥ ಹಸುವಿನ ಮುಂದೆ ನಿಂತಾಗ ನಮ್ಮ ಕೈಯಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಚಿರತೆ, ತೋಳಗಳ ಜೊತೆ ನರಿಯೂ ಮೊದಲನೇ ಅನುಸೂಚಿಯಲ್ಲಿದೆ. ಇವನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಮತ್ತು 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕರು ತಿಂದಿತು ಎಂಬುದು ಕೊಲ್ಲಲು ಕಾರಣವಾಗದು. ನಾಯಿಗೆ ವಿಷ ಹಾಕುವುದೂ ಅಪರಾಧವೇ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸುವುದು 2023ರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಗಳ ಹೊಣೆ. ಸಂಘದ ಸದಸ್ಯರೆಲ್ಲ ಸಹಿ ಹಾಕಿ ಪಂಚಾಯಿತಿಗೆ ಅರ್ಜಿ ಕೊಡಿ. ಒಬ್ಬರು ಕೇಳುವುದಕ್ಕೂ ನಲವತ್ತು ಜನ ಕೇಳುವುದಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಏನು ಮಾಡಬೇಕು?

1. ದಿನ ತುಂಬಿದ ಹಸುವನ್ನು ರಾತ್ರಿ ತೋಪಿನಲ್ಲಿ, ಹೊಲದಲ್ಲಿ ಕಟ್ಟಬೇಡಿ. ಕೆಚ್ಚಲು ಬಿಟ್ಟು, ಬಾಲದ ಬುಡ ಸಡಿಲವಾದ ಕೂಡಲೇ ಮನೆ ಹತ್ತಿರದ ಕೊಟ್ಟಿಗೆಗೆ ತನ್ನಿ.

2. ಕರುಗಳಿಗೆ ಮುಚ್ಚಿದ ಜಾಗ ಮಾಡಿ. ಆಳೆತ್ತರದ ಗಟ್ಟಿ ತಂತಿಜಾಲರಿ ಹಾಕಿ, ನಾಯಿ ನರಿ ತೋಡಿ ನುಗ್ಗದಂತೆ ಜಾಲರಿಯ ಕೆಳಭಾಗವನ್ನು ಒಂದಡಿ ಮಣ್ಣಿನೊಳಗೆ ಹೂಳಿ. ಚಿರತೆ ಓಡಾಡುವ ಕಡೆ ಮೇಲೂ ಮುಚ್ಚಬೇಕು. ರಾತ್ರಿ ಬಾಗಿಲಿಗೆ ಚಿಲಕ ಹಾಕಿ.

3. ಸತ್ತೆಯನ್ನು ತಿಪ್ಪೆಗೆ ಎಸೆಯಬೇಡಿ. ಅದರ ವಾಸನೆಯೇ ನಾಯಿ ನರಿಗೆ ಕರೆಯೋಲೆ. ಕೈಗವಸು ಹಾಕಿ ಎತ್ತಿ, ಮೂರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಸತ್ತ ದನಕ್ಕೆ ಆರಡಿ ಗುಂಡಿ ಬೇಕು.

4. ಹಸು ಕಂದು ಹಾಕಿದರೆ ನಮಗೆ ತಿಳಿಸಿ. ಬಸುರಿಯರು ಹತ್ತಿರ ಹೋಗಬಾರದು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

5. ಕಾಡುಪ್ರಾಣಿಯಿಂದ ರಾಸು ಸತ್ತರೆ ಮುಟ್ಟದೆ, ಸರಿಸದೆ ಫೋಟೋ ತೆಗೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಪಶು ಆಸ್ಪತ್ರೆಗೂ ಕೂಡಲೇ ತಿಳಿಸಿ. ಅರಣ್ಯ ಇಲಾಖೆಯ ಪರಿಹಾರಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ವಿಮೆ ಮಾಡಿಸಿದ್ದರೆ ಕಿವಿಯೋಲೆ ಜೋಪಾನ.

ಕಚ್ಚಿಸಿಕೊಂಡ ಹಸುವಿನ ವಿಷಯ

ಇದನ್ನು ಮಾತ್ರ ಎರಡು ಸಲ ಓದಿ. ನಾಯಿ ಅಥವಾ ನರಿ ಹಸುವನ್ನು ಕಚ್ಚಿದರೆ ಕೈಗವಸು ಹಾಕಿಕೊಂಡು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ, ಸೊಪ್ಪಿನ ರಸ ಬೇಡ. ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ. ಲಸಿಕೆಯನ್ನು ಕಚ್ಚಿದ ದಿನ, ಆಮೇಲೆ 3, 7, 14 ಮತ್ತು 28ನೇ ದಿನ ಹಾಕುತ್ತೇವೆ. ಗಾಯ ಮಾಯಿತೆಂದು ನಡುವೆ ನಿಲ್ಲಿಸಬೇಡಿ.

ರೇಬೀಸ್ ಕಚ್ಚಿದ ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಕಾಣಿಸುತ್ತದೆ. ಹಸು ಗಂಟಲು ಒಡೆದಂತೆ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ನೀರು ಮೇವು ನುಂಗಲಾರದು, ಹಿಂಗಾಲು ತೂಗಾಡುತ್ತದೆ. ನೋಡಿದವರಿಗೆ ಗಂಟಲಲ್ಲಿ ಏನೋ ಸಿಕ್ಕಿದೆ ಅನಿಸುತ್ತದೆ. ಆಗ ಮನೆಯ ಹೆಣ್ಣುಮಗಳೇ ಬಾಯೊಳಗೆ ಕೈ ಹಾಕಿ ತೆಗೆಯಲು ನೋಡುತ್ತಾಳೆ. ದಯವಿಟ್ಟು ಹಾಕಬೇಡಿ. ರೋಗಾಣು ಇರುವುದು ಆ ಜೊಲ್ಲಿನಲ್ಲೇ, ಕೈಯ ಸಣ್ಣ ಗೀರು ಸಾಕು ಅದು ಒಳಹೋಗಲು. ಲಕ್ಷಣ ಕಂಡ ಮೇಲೆ ದನಕ್ಕೂ ಮನುಷ್ಯರಿಗೂ ಉಳಿಸುವ ಔಷಧಿಯಿಲ್ಲ.

ಈಗಾಗಲೇ ಕೈ ಹಾಕಿದ್ದರೆ ಸೋಪಿನಿಂದ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅಂಥ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಯಾವ ಹಸುವಿನದಾದರೂ ಹಸಿ ಹಾಲು ಕುಡಿಯುವ ಅಭ್ಯಾಸ ಬೇಡ. ನಿಮ್ಮ ಮನೆ ನಾಯಿಗೆ ಮೂರು ತಿಂಗಳಾದ ಮೇಲೆ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ.

ಒಳ್ಳೆಯದಾದಾಗ "ನರಿ ಮುಖ ನೋಡಿ ಎದ್ದಿದ್ದೀಯಾ" ಅನ್ನುವವರು ನಾವು. ಅದು ಹೊಲದ ಇಲಿ ಹಿಡಿದುಕೊಂಡು ಹೊಲದಲ್ಲೇ ಇರಲಿ. ಇವತ್ತು ಸಂಜೆ ಹಾಲು ಕರೆದ ಮೇಲೆ ಒಮ್ಮೆ ಕರುವಿನ ಗೂಡಿನ ಸುತ್ತ ನಡೆದು ನೋಡಿ. ನಾಯಿ ತಲೆ ತೂರುವಷ್ಟು ಸಂದಿ ಎಲ್ಲಾದರೂ ಇದ್ದರೆ ಕತ್ತಲಾಗುವ ಮುಂಚೆ ಮುಚ್ಚಿಬಿಡಿ. ರಾಸುಗಳಿಗೆ ತುರ್ತು ಚಿಕಿತ್ಸೆ ಬೇಕಾದರೆ 1962ಕ್ಕೆ ಕರೆ ಮಾಡಿ.

ನಿಮ್ಮ ಪಶುವೈದ್ಯಾಧಿಕಾರಿ