ಕಿಕ್‌ಡೌನ್ ಸರಳು: ಹೆಸರು ಒಂದು, ಕೆಲಸ ಇನ್ನೊಂದು

ಅಂಬಾಸಿಡರ್, ಫಿಯೆಟ್ ಓಡಿಸಿ ಪಳಗಿದವರಿಗೆ ಏರುರಸ್ತೆಯ ಕ್ರಮವನ್ನು ಹೇಳಿಕೊಡಬೇಕಾಗಿಲ್ಲ. ಎಂಜಿನು ಏದುಸಿರು ಬಿಡತೊಡಗಿದೊಡನೆ ಎಡಗಾಲು ಕ್ಲಚ್ಚಿಗೆ, ಕೈ ಗೇರಿಗೆ ಹೋಗುತ್ತದೆ. ಒಂದು ಗೇರು ಇಳಿಸಿದರೆ ಕಾರು ಮತ್ತೆ ಹುರುಪಿನಿಂದ ಏರುತ್ತದೆ. ಅಮೆರಿಕದ ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಕ್ಲಚ್ ಪೆಡಲೇ ಇಲ್ಲ. ಆಕ್ಸಿಲರೇಟರನ್ನು ನೆಲಮುಟ್ಟ ಒತ್ತಿದರೆ ಗೇರುಪೆಟ್ಟಿಗೆ ತಾನಾಗಿ ಕೆಳಗಿನ ಗೇರಿಗೆ ಇಳಿಯುತ್ತದೆ. ಇದಕ್ಕೆ ಕಿಕ್‌ಡೌನ್ ಎಂದು ಹೆಸರು. ಕಾಲಿನ ಒತ್ತಡದ ಸುದ್ದಿಯನ್ನು ಕಾರ್ಬ್ಯುರೇಟರಿನಿಂದ ಗೇರುಪೆಟ್ಟಿಗೆಗೆ ಮುಟ್ಟಿಸುವುದೇ ಕಿಕ್‌ಡೌನ್ ಸರಳು.

ಕ್ರೈಸ್ಲರ್ ಕಂಪೆನಿಯ ಕಾರುಗಳಲ್ಲಿ ಈ ಹೆಸರು ಅನೇಕರನ್ನು ಮೋಸಗೊಳಿಸಿದೆ. ಡಾಜ್, ಪ್ಲಿಮತ್ ಹೆಸರುಗಳು ನಮಗೂ ಹೊಸತಲ್ಲ. ಹಿಂದೆ ಮುಂಬಯಿಯ ಪ್ರೀಮಿಯರ್ ಕಂಪೆನಿ ಅವನ್ನು ಜೋಡಿಸಿ ಮಾರುತ್ತಿತ್ತು. ಅಮೆರಿಕದಲ್ಲಿ ಇದೇ ಬಳಗದ ಕಾರುಗಳಿಗೆ 1956ರಿಂದ ಟಾರ್ಕ್‌ಫ್ಲೈಟ್ ಎಂಬ ಮೂರು ಗೇರಿನ ಪೆಟ್ಟಿಗೆ ಬಂತು. 1960ರಲ್ಲಿ ಚಿಕ್ಕದಾದ 904, 1962ರಲ್ಲಿ ಅಲ್ಯೂಮಿನಿಯಂ ಕವಚದ 727 ಬಂದವು. ಗಟ್ಟಿತನಕ್ಕೆ ಹೆಸರಾದ ಪೆಟ್ಟಿಗೆಗಳು ಇವು. ಆದರೂ ಒಂದು ಸಣ್ಣ ಸರಳಿನ ಅಲಕ್ಷ್ಯದಿಂದ ಕೆಡಬಲ್ಲವು.

ಅದು ಹೇಗೆಂದರೆ, ಅದೇ ಕಾಲದ ಫೋರ್ಡ್ ಸಿ4, ಜನರಲ್ ಮೋಟಾರ್ಸ್‌ನ 350 ಮೊದಲಾದ ಪೆಟ್ಟಿಗೆಗಳಲ್ಲಿ ಎಂಜಿನಿನ ಭಾರವನ್ನು ತಿಳಿಯಲು ನಿರ್ವಾತದಿಂದ ನಡೆಯುವ ಬೇರೊಂದು ಸಾಧನವಿದೆ. ಅಲ್ಲಿ ಕಿಕ್‌ಡೌನ್ ಜೋಡಣೆ ತಪ್ಪಿದರೆ ಕಿಕ್‌ಡೌನ್ ಮಾತ್ರ ಹೋದೀತು. ಟಾರ್ಕ್‌ಫ್ಲೈಟಿನಲ್ಲಿ ಅಂಥ ಸಾಧನವಿಲ್ಲ. ಈ ಸರಳೇ ಎಲ್ಲವೂ. ಕಾಲು ಒತ್ತಿದಷ್ಟೂ ಅದು ಒಳಗಣ ವಾಲ್ವನ್ನು ತಳ್ಳಿ ಎಣ್ಣೆಯ ಒತ್ತಡವನ್ನು ಏರಿಸುತ್ತದೆ. ಗೇರು ಯಾವಾಗ ಬದಲಾಗಬೇಕೆಂಬುದು ಈ ಒತ್ತಡಕ್ಕೂ ಕಾರಿನ ವೇಗವನ್ನು ಅಳೆಯುವ ಗವರ್ನರಿನ ಒತ್ತಡಕ್ಕೂ ನಡುವಣ ಹಗ್ಗಜಗ್ಗಾಟ. ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುವ ಬಲವೂ ಇದನ್ನೇ ಅವಲಂಬಿಸಿದೆ.

ಅಪ್ಪನ ಕಾರು ಮಗನ ಕೈಗೆ ಬರುತ್ತದೆ, ಮಗ ಹುರುಪಿನಿಂದ ಹೊಸ ಕಾರ್ಬ್ಯುರೇಟರ್ ಹಾಕಿಸುತ್ತಾನೆ. ಹಳೆಯ ಸರಳು ಅದಕ್ಕೆ ಕೂಡಿಬರುವುದಿಲ್ಲ. 'ಕಿಕ್‌ಡೌನ್ ಇಲ್ಲದಿದ್ದರೇನಂತೆ' ಎಂದು ಅದನ್ನು ಬಿಚ್ಚಿ ಮೂಲೆಗೆಸೆಯುವುದುಂಟು. ಆಮೇಲೆ ಗೇರುಗಳು ಬಲುಬೇಗನೆ, ಬಲು ಮೃದುವಾಗಿ ಬದಲಾಗುತ್ತವೆ. ಕಾರು ಸುಧಾರಿಸಿತೆಂದೇ ತೋರುತ್ತದೆ! ಒಳಗೆ ಮಾತ್ರ ಸಾಕಷ್ಟು ಒತ್ತಡವಿಲ್ಲದೆ ಪ್ಲೇಟುಗಳು ಜಾರಿ ಸವೆಯುತ್ತಿರುತ್ತವೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುವ ಹೊತ್ತಿಗೆ ಪೆಟ್ಟಿಗೆಯನ್ನೇ ಇಳಿಸಿ ಬಿಚ್ಚುವ ಖರ್ಚು ಕಾದಿರುತ್ತದೆ.

ಹೊಂದಿಸುವ ಕೆಲಸ ಕಷ್ಟದ್ದಲ್ಲ. ಕಾರನ್ನು ಭದ್ರವಾದ ಊರೆಗಳ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕನ್ನು ನಂಬಿ ಕೆಳಗೆ ನುಸುಳುವುದು ಪ್ರಾಣದೊಡನೆ ಆಟ. ಮೊದಲು ಪಿನ್, ಬುಷ್, ಮರಳಿ ಎಳೆಯುವ ಸ್ಪ್ರಿಂಗುಗಳನ್ನು ಪರೀಕ್ಷಿಸಿ. ಸವೆದ ಬುಷ್ ಇಟ್ಟುಕೊಂಡು ಅಳತೆ ಹಿಡಿಯುವುದು ವ್ಯರ್ಥ. ಎಂಜಿನು ಬಿಸಿಯಾಗಿ, ಚೋಕ್ ಪೂರ್ತಿ ತೆರೆದು, ಐಡ್ಲಿಂಗ್ ವೇಗ ಸರಿಯಿರಬೇಕು. ಆಮೇಲೆ ಎಂಜಿನನ್ನು ನಿಲ್ಲಿಸಿ, ಸರಳಿನ ಹೊಂದಾಣಿಕೆಯ ಸ್ಕ್ರೂ ಸಡಿಲಿಸಬೇಕು. ಗೇರುಪೆಟ್ಟಿಗೆಯ ಎಡಬದಿಯಲ್ಲಿ ಎರಡು ಲಿವರುಗಳಿವೆ. ಒಂದು ಗೇರು ಆರಿಸುವುದು, ಇನ್ನೊಂದು ಈ ಸರಳಿನದು. ಎರಡನೆಯದನ್ನು ಮುಂದಕ್ಕೆ, ತಡೆ ತಾಗುವವರೆಗೆ ಒತ್ತಿಹಿಡಿದು ಸ್ಕ್ರೂ ಬಿಗಿಯಬೇಕು. 1970ರ ದಶಕದ ಬಹಳಷ್ಟು ಮಾದರಿಗಳಿಗೆ ಇದೇ ಕ್ರಮ. ಹಿಂದಿನವುಗಳಲ್ಲಿ ವ್ಯತ್ಯಾಸಗಳಿವೆ, ಆದುದರಿಂದ ಆಯಾ ವರ್ಷದ ಕೈಪಿಡಿ ಹತ್ತಿರವಿರಲಿ.

ಬಿಗಿದ ಮೇಲೆ ಇನ್ನೊಬ್ಬರನ್ನು ಕರೆದು ಆಕ್ಸಿಲರೇಟರನ್ನು ನೆಲಕ್ಕೊತ್ತಿಸಿ ನೋಡಬೇಕು. ಕಾರ್ಬ್ಯುರೇಟರ್ ಪೂರ್ತಿ ತೆರೆದಾಗ ಲಿವರು ಹಿಂದಣ ತುದಿಯ ಹತ್ತಿರಕ್ಕೆ ಬಂದಿರಬೇಕು. ಅದಕ್ಕೆ ಮೊದಲೇ ಲಿವರು ತಡೆಗೆ ತಾಗಿದರೆ ಕಾರ್ಬ್ಯುರೇಟರ್ ಪೂರ್ತಿ ತೆರೆಯಲಾರದು. ಕಾಲೆತ್ತಿದೊಡನೆ ಎಲ್ಲವೂ ತಡವರಿಸದೆ ಮರಳಬೇಕು.

ಇಲ್ಲೊಂದು ಗೊಂದಲ. ಪೆಟ್ಟಿಗೆಯ ಎಡಬದಿಯಲ್ಲೇ ಕಿಕ್‌ಡೌನ್ ಬ್ಯಾಂಡಿನ ಸ್ಕ್ರೂ ಕೂಡ ಇದೆ. ಅದನ್ನು 72 ಅಂಗುಲ-ಪೌಂಡಿಗೆ ಬಿಗಿದು, ಮಾದರಿಗೆ ತಕ್ಕಷ್ಟು ಸುತ್ತು ಸಡಿಲಿಸುವುದು ಕ್ರಮ. ಅದು ಬೇರೆ ಕೆಲಸ. ಸರಳಿನ ದೋಷಕ್ಕೆ ಅದನ್ನು ತಿರುಗಿಸಿ ಪ್ರಯೋಜನವಿಲ್ಲ.

ಎಣ್ಣೆಯ ಮಟ್ಟವನ್ನು ಎಂಜಿನು ನಡೆಯುತ್ತಿರುವಾಗ ನ್ಯೂಟ್ರಲ್‌ನಲ್ಲಿಟ್ಟು ನೋಡಿ, ಬಳಿಕ ರಸ್ತೆಗಿಳಿಯಬಹುದು. ಗೇರು ತಡವಾಗಿ, ಒದ್ದಂತೆ ಬದಲಾದರೆ ಸರಳು ಹೆಚ್ಚು ಒತ್ತುತ್ತಿದೆ. ಬೇಗನೆ ಜಾರಿದಂತೆ ಬದಲಾದರೆ ಒತ್ತುವುದು ಸಾಲದು. ಎರಡರಲ್ಲಿ ಮೊದಲನೆಯದೇ ವಾಸಿ, ಪೆಟ್ಟಿಗೆ ಉಳಿಯುತ್ತದೆ. ಕೂದಲೆಳೆಯಷ್ಟೇ ಸರಿಸಿ ಮತ್ತೆ ಓಡಿಸಿ ನೋಡುವುದು ಒಳ್ಳೆಯದು. ವೇಗ ಒಂದು ಮಿತಿ ದಾಟಿದ್ದರೆ ಎಷ್ಟು ಒತ್ತಿದರೂ ಗೇರು ಇಳಿಯದು, ಗವರ್ನರು ಬಿಡುವುದಿಲ್ಲ. ಅದನ್ನು ದೋಷವೆಂದು ಬಗೆದು ಸರಳನ್ನು ಮತ್ತೆ ಬಿಚ್ಚಲು ಹೋಗಬಾರದು.